ಗೇಟಿನಾಚೆ ಖಾಕಿ

ಅತ್ತೆ ಖಾಕಿ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಿದ್ದರು. ಸೊಸೆ ಕೈಚಾಚಿದರೂ ಕೊಡಲಿಲ್ಲ.

"ಇವತ್ತೊಂದು ದಿನ ಬೇರೆ ಏನಾದ್ರೂ ಹಾಕ್ಕೊಂಡು ಹೋಗು."

"ಬಸ್ಸಿಗೆ ಹೊತ್ತಾಯ್ತು ಅತ್ತೆ."

"ಆಗ್ಲಿ. ಇದನ್ನೇ ಹಾಕ್ಕೊಂಡು ಹೋಗಿ ಇದು ಬೇಡ ಅಂತ ಹೇಗೆ ಹೇಳ್ತೀಯಾ? ಕೇಳಿದವರು ನಗಲ್ವಾ?"

ಠಾಣೆಗೆ ಬರುವ ಅಧಿಕಾರಿಯ ಮುಂದೆ ಖಾಕಿ ಬೇಡ ಅನ್ನುತ್ತೇನೆಂದು ಅವಳು ಮಾತು ಕೊಟ್ಟಿರಲಿಲ್ಲ. 'ನೋಡೋಣ' ಅಂದಿದ್ದಳು. ಅತ್ತೆ ಅದನ್ನೇ ಹೂಂ ಎಂದುಕೊಂಡಿದ್ದರು.

"ಎಂಎ ಓದಿದವಳು ನೀನು. ನನ್ನ ಹಾಗೆ ಅಳ್ತಾ ನಿಲ್ಲಬೇಡ, ನೆಟ್ಟಗೆ ಹೇಳು. ಈ ಬಟ್ಟೆ ಹಾಕ್ಕೊಂಡು ಬೀದೀಲಿ ಬರದೇ ಇದ್ದಿದ್ರೆ ನನ್ನ ಮಗ ಮನೆ ಸೇರ್ತಿದ್ದ. ಅಷ್ಟು ಹೇಳಿದ್ರೆ ಸಾಕು."

ಅಂಗಿಯ ಕಾಲರನ್ನು ಒಮ್ಮೆ ಸವರಿ ಕೊಟ್ಟರು. ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅಗ್ನಿಶಾಮಕ ಠಾಣೆಯಲ್ಲಿ ಅವಳಿಗೆ ಟೆಲಿಫೋನಿನ ಕೆಲಸ ಕೊಟ್ಟಿದ್ದರು. ಅವನು ಬೆಂಕಿ ಆರಿಸುವ ಕೆಲಸದಲ್ಲಿದ್ದ ಠಾಣೆಯೇ. ಫೋನೆತ್ತಿದರೆ ಮೊದಲು ವಿಳಾಸ ಕೇಳಬೇಕು, ಏನು ಹತ್ತಿಕೊಂಡಿದೆ ಎನ್ನುವುದು ಆಮೇಲೆ. ಗಾಬರಿಯಾದವರು ಬೆಂಕಿಯ ವರ್ಣನೆಯನ್ನೆಲ್ಲ ಮಾಡಿ ವಿಳಾಸ ಹೇಳದೆ ಫೋನಿಟ್ಟುಬಿಡುತ್ತಾರೆ. ಒಮ್ಮೆ ಅವಳು ಮನೆಯ ಫೋನನ್ನೂ ಹಾಗೇ ಎತ್ತಿ "ವಿಳಾಸ ಹೇಳಿ" ಅಂದಿದ್ದಳು. ಆ ಕಡೆ ಯೋಗಕ್ಷೇಮ ಕೇಳಲು ಫೋನು ಮಾಡಿದ್ದ ಚಿಕ್ಕಮ್ಮ. ಆಕೆ ಹೆದರಿ ಮನೆ ನಂಬರು, ಎದುರಿನ ಔಷಧಿ ಅಂಗಡಿ, ಪಕ್ಕದ ಸಂದು ಎಲ್ಲ ಹೇಳಿ, ಕೊನೆಗೆ "ಏನಾಗಿದೆಯೇ ನಮ್ಮನೆಗೆ?" ಎಂದು ಕೇಳಿದ್ದಳು.

ಬಸ್ಸಿನಲ್ಲಿ ಯಾರೋ ಮುದುಕರು ಅವಳ ಅಂಗಿ ನೋಡಿ ಎದ್ದು ಜಾಗ ಬಿಟ್ಟರು. ಬೇಡವೆಂದರೂ ಕೇಳಲಿಲ್ಲ. ಅವಳು ಕಿಟಕಿಯ ಪಕ್ಕ ಕೂತಳು.

ಗಂಡ ಬಸ್ಸು ಹತ್ತುತ್ತಿರಲಿಲ್ಲ. ಕೆಲಸ ಮುಗಿಸಿ ಖಾಕಿಯಲ್ಲೇ ನಡೆದು ಬರುತ್ತಿದ್ದ. ದೂರವೇನಲ್ಲ, ಆದರೆ ಆ ದಾರಿಗೆ ಸಂಜೆ ಪೂರ್ತಿ ಬೇಕಾಗುತ್ತಿತ್ತು. ಬೇಕರಿಯವನ ಒಲೆಯ ಹೊಗೆಕೊಳವೆ ಕಟ್ಟಿಕೊಂಡಿರುತ್ತಿತ್ತು. ಯಾರದೋ ಮಗು ಒಳಗಿನಿಂದ ಚಿಲಕ ಹಾಕಿಕೊಂಡಿರುತ್ತಿತ್ತು. ಹೊಲಿಗೆಯವಳ ಬೆರಳಿಗೆ ಉಂಗುರ ಬಿಗಿದಿರುತ್ತಿತ್ತು. ಬೀದಿಯ ಮಕ್ಕಳು "ಬೆಂಕಿಮಾಮ, ಬೆಂಕಿಮಾಮ" ಎಂದು ಮೂಲೆಯಿಂದ ಮನೆಯ ತನಕ ಸಾಲಾಗಿ ಬರುತ್ತಿದ್ದವು, ಅವನ ಬೂಟಿನ ಸದ್ದಿಗೆ ತಮ್ಮ ಹೆಜ್ಜೆ ಹೊಂದಿಸಿಕೊಂಡು. ಅವಳಿಗೆ ಸಿಟ್ಟು ಬರುತ್ತಿತ್ತು. "ಆ ಅಂಗಿ ಬಿಚ್ಚಿಟ್ಟು ಬರಬಾರದಾ? ಕಳ್ಳನ ಹಾಗೆ ಯಾರ ಕಣ್ಣಿಗೂ ಬೀಳದೆ ಬೇಗ ಮನೆಗೆ ಬರಬಹುದಿತ್ತು." ಅವನು ನಗುತ್ತಿದ್ದ. "ಕಳ್ಳ ಬೇಕಿದ್ರೆ ಮೊದ್ಲೇ ಹೇಳ್ಬೇಕಿತ್ತು."

ರಾತ್ರಿ ಮಲಗುವಾಗ ಪ್ಯಾಂಟನ್ನು ಬೂಟಿನ ಸುತ್ತ ಸುರುಳಿ ಇಳಿಸಿ, ಎರಡನ್ನೂ ಒಟ್ಟಿಗೆ ಮಂಚದ ಪಕ್ಕ ನಿಲ್ಲಿಸುತ್ತಿದ್ದ. ಠಾಣೆಯ ಅಭ್ಯಾಸ. ಗಂಟೆ ಹೊಡೆದರೆ ಕಾಲು ತೂರಿಸಿ ಮೇಲಕ್ಕೆಳೆದುಕೊಂಡರೆ ಆಯಿತು. ಮನೆಯಲ್ಲಿ ಯಾವ ಗಂಟೆ? ಅವಳು ಎಡವಿ ಬೈದಾಗ ಒಂದು ವಾರ ಮೊಳೆಗೆ ನೇತುಹಾಕುತ್ತಿದ್ದ, ಮತ್ತೆ ಅದೇ.

ಆ ದಿನವೂ ಹಾಗೇ ನಡೆದು ಬರುತ್ತಿದ್ದ. ಹಳೇ ಕಾಗದದ ಗೋದಾಮಿಗೆ ಬೆಂಕಿ ಬಿದ್ದಿತ್ತು. ಖಾಕಿ ಕಂಡದ್ದೇ ಜನ "ಬಂದ್ರು, ಬಂದ್ರು" ಎಂದು ದಾರಿ ಬಿಟ್ಟರು. ಬಂದಿದ್ದವನು ಒಬ್ಬನೇ. ಟೋಪಿಯಿಲ್ಲ, ಮುಖವಾಡವಿಲ್ಲ, ನೀರಿಲ್ಲ. ಒಳಗೆ ಹೋಗಿ ಕಾವಲುಗಾರನನ್ನು ಎಳೆದು ಹಿಂದಿನ ಓಣಿಗೆ ಹಾಕಿದ. ಸುತ್ತಿ ಮುಂದೆ ಬಂದರೆ ಒಬ್ಬ ಹೆಂಗಸು ಎದೆ ಬಡಿದುಕೊಂಡು "ಒಳಗಿದ್ದಾರೆ, ಒಳಗಿದ್ದಾರೆ" ಎಂದು ಅಳುತ್ತಿದ್ದಳು. ಕಾವಲುಗಾರನ ಹೆಂಡತಿ. ಗಂಡ ಓಣಿಯಲ್ಲಿ ಬದುಕಿ ಮಲಗಿರುವುದು ಅವಳಿಗೆ ಗೊತ್ತಿರಲಿಲ್ಲ. ಒಳಗೆ ಜನರಿದ್ದಾರೆ ಎಂದು ಯಾರಾದರೂ ಹೇಳಿದರೆ, ಕಣ್ಣಾರೆ ನೋಡುವ ತನಕ ಇದ್ದಾರೆ ಎಂದೇ ತಿಳಿಯಬೇಕೆಂದು ಠಾಣೆಯಲ್ಲಿ ಕಲಿಸುತ್ತಾರೆ. ಒಳಗಿರುವುದು ಯಾರು ಎಂದು ಅವನು ಕೇಳಲಿಲ್ಲ. ತಾನು ಆಗಲೇ ಉಳಿಸಿದ್ದ ಮನುಷ್ಯನನ್ನು ಹುಡುಕಿಕೊಂಡು ಮತ್ತೆ ಹೊಗೆಯೊಳಗೆ ಹೋದ.

ಇದಾದ ಮೇಲೆ ಮೇಲಿನ ಕಚೇರಿಯವರು ಯೋಚಿಸತೊಡಗಿದರು. ಕೆಲಸ ಮುಗಿದ ಮೇಲೆ ಖಾಕಿ ಗೇಟು ದಾಟಬಾರದು ಎಂದು ನಿಯಮ ಮಾಡಬೇಕೆ? ಅದಕ್ಕೇ ಇವತ್ತು ಠಾಣೆಗೆ ಒಬ್ಬರು ಅಧಿಕಾರಿ ಬಂದಿದ್ದರು. ಎಲ್ಲರನ್ನೂ ಊಟದ ಕೋಣೆಯಲ್ಲಿ ಸೇರಿಸಿದ್ದರು.

"ನನ್ನ ಅಭಿಪ್ರಾಯ ಕೇಳಿದ್ರೆ ಬಿಚ್ಚಿಟ್ಟು ಹೋಗೋದೇ ವಾಸಿ ಸಾರ್," ಎಂದು ಡ್ರೈವರ್ ಶುರುಮಾಡಿದ. "ಇದನ್ನ ಹಾಕ್ಕೊಂಡು ಟೀ ಅಂಗಡೀಲಿ ನಿಲ್ಲೋ ಹಾಗಿಲ್ಲ. 'ಊರು ಸುಡ್ತಾ ಇದೆ, ಇವರಿಗೆ ಟೀ' ಅಂತಾರೆ."

"ಟೀ ಮೇಲೆ ಬನ್ ಬೇರೆ ತಿಂದ್ರೆ ಅನ್ನದೇ ಏನು ಮಾಡ್ತಾರೆ?" ಎಂದವನು ಏಣಿಯಣ್ಣ. ಠಾಣೆಯಲ್ಲೆಲ್ಲ ಉದ್ದದ ಮನುಷ್ಯ; ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. "ಸಾರ್, ನಾವು ಇದರಲ್ಲಿ ನಡೆದು ಹೋದ್ರೆ ಬೀದಿಗೆ ಒಂದು ಧೈರ್ಯ. ನಮ್ಮಪ್ಪನೂ ಇದೇ ಹಾಕ್ಕೊಂಡು ಮನೆಗೆ ಬರ್ತಿದ್ರು. ಹೊಗೆ ವಾಸನೆ ಬಂದ್ರೆ ಅಪ್ಪ ಬಂದ್ರು ಅಂತ ಬಾಗಿಲು ತೆಗೀತಿದ್ವಿ. ಈಗ ನಾನು ಹೂವಿನ ಷರ್ಟ್ ಹಾಕ್ಕೊಂಡು ಹೋದ್ರೆ ನನ್ನ ಮಗಳು ಯಾರು ಬೇಕು ಅಂತಾಳೆ."

ಕೆಲವರು ನಕ್ಕರು. ಅಧಿಕಾರಿಯೂ ನಕ್ಕರು. ಆಮೇಲೆ ಅವಳ ಕಡೆ ತಿರುಗಿದರು.

"ನಿಮ್ಮನ್ನ ಕೇಳೋದು ಕಷ್ಟ ನನಗೆ, ಆದ್ರೂ ನಿಮ್ಮ ಮಾತು ಬೇಕು. ಆವತ್ತು ಅವರ ಮೈಮೇಲೆ ಈ ಬಟ್ಟೆ ಇಲ್ದೇ ಇದ್ದಿದ್ರೆ ಅವರು ಮನೆಗೆ ಬರ್ತಿದ್ರು. ಅಲ್ವಾ?"

ದನಿಯಲ್ಲಿ ಕೆಟ್ಟತನವಿರಲಿಲ್ಲ. ಹೂಂ ಅಂದರೆ ಮುಗಿದುಹೋಗುತ್ತಿತ್ತು. ಅತ್ತೆ ಕೇಳಿದ್ದೂ ಅಷ್ಟೇ. ಅವಳೂ ಎಷ್ಟೋ ದಿನ ಅದನ್ನೇ ಹೇಳಿಕೊಂಡು ನಿದ್ದೆ ಮಾಡಿದ್ದಳು. ಬಟ್ಟೆ ನೋಡಿ ಜನ ಕರೆದರು, ಬಟ್ಟೆ ಅವನನ್ನು ಎಳೆದುಕೊಂಡು ಹೋಯಿತು, ಅವನು ಮಾಡುವಂಥದ್ದು ಏನೂ ಇರಲಿಲ್ಲ. ಅಲ್ಲ ಅಂದರೆ, ಅವನೇ ಬೇಕೆಂದು ಹೋದ ಎಂದಾಗುತ್ತಿತ್ತು. ಮನೆಯಲ್ಲಿ ಇವಳು ಕಾಯುತ್ತಿರುವುದು ಗೊತ್ತಿದ್ದೂ ಹೋದ.

"ಫೋಟೋ ತೆಗೆಸೋಕೆ ಹೋಗಿದ್ವಿ," ಅಂದಳು.

ಅಧಿಕಾರಿಗೆ ಅರ್ಥವಾಗಲಿಲ್ಲ. ಅವಳಿಗೂ ತಾನು ಹೇಗೆ ಶುರುಮಾಡಿದೆನೆಂದು ತಿಳಿಯಲಿಲ್ಲ.

"ಮದುವೆಯಾದ ವಾರ. ಅವರು ಹೊಸ ಷರ್ಟ್ ಹಾಕಿದ್ರು, ಕೆನೆ ಬಣ್ಣದ್ದು. ಸ್ಟುಡಿಯೋದಲ್ಲಿ ಹಿಂದೆ ಪರದೆ ಇರತ್ತಲ್ಲ, ಅದರ ಮೇಲೆ ಜಲಪಾತ ಬರೆದಿದ್ರು. ಮುಂದೆ ನಮ್ಮನ್ನ ನಿಲ್ಲಿಸಿದ್ರು. ಫೋಟೋದವರು ನಗಿ ನಗಿ ಅಂತಿದ್ರು. ಇವರು ನಗ್ತಾ ಇಲ್ಲ. ಮೂಗು ಮೇಲೆತ್ತಿ ನಿಂತಿದ್ರು. ನಂಗೆ ಅವಮಾನ. ನನ್ನ ಪಕ್ಕ ನಿಲ್ಲೋಕೆ ಇಷ್ಟ ಇಲ್ವೇನೋ ಅಂದ್ಕೊಂಡೆ."

ಏಣಿಯಣ್ಣ ಮುಂದಕ್ಕೆ ಬಾಗಿದ.

"ವೈರ್ ಸುಡ್ತಾ ಇತ್ತು. ನಮಗ್ಯಾರಿಗೂ ವಾಸನೆ ಗೊತ್ತಾಗಿರ್ಲಿಲ್ಲ. ನೋಡ್ತಾ ನೋಡ್ತಾ ಸ್ವಿಚ್ ಬೋರ್ಡ್ ಭಗ್ ಅಂತು. ಇವರು ಮೀಟರಿನ ಹತ್ರ ಓಡಿ ಕರೆಂಟ್ ತೆಗೆದ್ರು, ಆ ಪರದೇನ ಕಿತ್ತು ಬೆಂಕಿ ಮೇಲೆ ಹಾಕಿ ಅದುಮಿದ್ರು."

"ಜಲಪಾತ ಹಾಕಿ ಆರಿಸಿದ್ನಾ?" ಎಂದ ಏಣಿಯಣ್ಣ. ಅವನಿಗೆ ತಡೆಯಲಾಗಲಿಲ್ಲ.

"ಹೂಂ. ಫೋಟೋದವರಿಗೆ ಅಂಗಡಿ ಉಳೀತು ಅನ್ನೋ ಸಂತೋಷಕ್ಕಿಂತ ಜಲಪಾತ ಹೋಯ್ತು ಅನ್ನೋ ಸಂಕಟ. ಕತ್ತಲೇಲಿ 'ಯಾರಯ್ಯ ನೀನು, ಯಾರು ನೀನು' ಅಂತ ಕೂಗಾಡಿದ್ರು. ಇವರು... 'ಮದುಮಗ' ಅಂದ್ರು."

ಡ್ರೈವರ್ ಮೊದಲು ನಕ್ಕ. ಆಮೇಲೆ ಕೋಣೆಯೇ ನಕ್ಕಿತು. ಅವಳ ಗಂಡ ತೀರಿಕೊಂಡ ಮೇಲೆ ಅವನ ಮಾತಿಗೆ ಆ ಕೋಣೆಯಲ್ಲಿ ಯಾರೂ ನಕ್ಕಿರಲಿಲ್ಲ. ಏಣಿಯಣ್ಣ ನಗುತ್ತಲೇ ಎದ್ದು ನೀರು ಕುಡಿಯಲು ಹೋದವನು ಗೋಡೆಯ ಕಡೆ ಮುಖ ಮಾಡಿ ಅಲ್ಲೇ ನಿಂತ.

"ಷರ್ಟಿನ ತೋಳು ಸುಟ್ಟಿತ್ತು," ಅಂದಳು ಅವಳು. "ಯಾವ ಷರ್ಟಾದ್ರೂ ಅವರು ಹೋಗ್ತಿದ್ರು ಸಾರ್. ನೀವು ಏನು ಬೇಕಾದ್ರೂ ನಿಯಮ ಮಾಡಿ. ಅವರ ಹೆಸರು ಹೇಳಿ ಮಾತ್ರ ಮಾಡಬೇಡಿ."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು.

"ಹೇಳಿದ್ಯಾ?"

"ಇಲ್ಲ ಅತ್ತೆ."

ಅತ್ತೆಯ ಮುಖ ಬಿಗಿಯಿತು. ಒಳಗೆ ಹೋಗಿ ಪಾತ್ರೆಗಳನ್ನು ಎತ್ತಿ ಎತ್ತಿ ಇಟ್ಟರು. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಬೆನ್ನು ತೋರಿಸಿ ನಿಂತಿದ್ದ ಅತ್ತೆಗೆ ಫೋಟೋ ಅಂಗಡಿಯ ಕಥೆಯನ್ನು ಮತ್ತೆ ಹೇಳಿದಳು. ಮೂಗು ಮೇಲೆತ್ತಿ ನಿಂತದ್ದು, ಜಲಪಾತ, ಮದುಮಗ. ಪಾತ್ರೆಗಳ ಸದ್ದು ನಿಂತಿತು.

"ಕೆನೆ ಬಣ್ಣದ ಷರ್ಟಾ? ನಾನು ತಂದಿದ್ದು?"

"ಹೂಂ."

"ಇಸ್ತ್ರಿ ತಾಗಿ ಸುಟ್ಟಿತು ಅಂದಿದ್ನಲ್ಲ!" ಅತ್ತೆ ತಿರುಗಿದರು. "ಎಷ್ಟು ಬೈದಿದ್ದೆ ನಿನ್ನ. ನೆಟ್ಟಗೆ ಒಂದು ಇಸ್ತ್ರಿ ಮಾಡಕ್ಕೆ ಬರಲ್ಲ, ಎಂಎ ಅಂತೆ ಎಂಎ, ಅಂತ ನಿಮ್ಮಮ್ಮನ ತನಕ ಹೋಗಿದ್ದೆ."

"ಅಮ್ಮನಿಗೆ ಹೇಳ್ಬೇಡ, ಹೆದರ್ಕೋತಾಳೆ ಅಂದಿದ್ರು."

"ಅದಕ್ಕೆ ಬೈಸ್ಕೊಂಡು ಸುಮ್ನಿದ್ಯಾ? ಇಷ್ಟು ವರ್ಷ? ನಾನು ಇಸ್ತ್ರಿ ಪೆಟ್ಟಿಗೆ ಕೂಡ ನಿನ್ನ ಕೈಗೆ ಕೊಟ್ಟಿಲ್ಲವಲ್ಲೇ!"

"ಒಳ್ಳೇದೇ ಆಯ್ತು. ನಿಜವಾಗ್ಲೂ ನಂಗೆ ಇಸ್ತ್ರಿ ಮಾಡೋಕೆ ಬರಲ್ಲ."

ಅತ್ತೆಗೆ ನಗು ಬಂತು. ಬಂದದ್ದಕ್ಕೆ ತಾವೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದರು. ಕೈ ತೆಗೆದು, "ಚಿಕ್ಕವನಿದ್ದಾಗ್ಲೂ ಹಾಗೇ ಇದ್ದ," ಅಂದರು. "ಕರೆದ್ರೆ ಬರ್ತಿರ್ಲಿಲ್ಲ. ಬೇರೆಯವರ ಮನೇಲಿ ಏನಾದ್ರೂ ಬಿದ್ದ ಸದ್ದು ಕೇಳಿದ್ರೆ ಸಾಕು, ಅಲ್ಲಿರ್ತಿದ್ದ." ಆಮೇಲೆ ಅವಳಿಗೆ ಊಟಕ್ಕೆ ತಟ್ಟೆ ಹಾಕಿದರು.

ನಿಯಮ ಬಂದೇ ಬಂತು. ಬೇರೆ ಊರಿನ ಠಾಣೆಗಳೂ ಒಪ್ಪಿದ್ದವು. ಕಾರಣವೆಂದು ಕೊಟ್ಟದ್ದು ಬಟ್ಟೆಯ ಸ್ವಚ್ಛತೆ, ಸಿಬ್ಬಂದಿಯ ವಿಶ್ರಾಂತಿ. ಯಾರ ಹೆಸರೂ ಇರಲಿಲ್ಲ. ಗೇಟಿನ ಪಕ್ಕದ ಹಳೇ ಕೋಣೆಗೆ ಖಾಕಿ ಬಿಚ್ಚಿಡಲು ಕಬ್ಬಿಣದ ಕಪಾಟುಗಳು ಬಂದವು.

ಮೊದಲ ಸಂಜೆ ಎಲ್ಲರೂ ನಾಚಿಕೊಂಡೇ ಹೊರಬಂದರು. ಇಷ್ಟು ವರ್ಷ ಒಟ್ಟಿಗಿದ್ದವರು ಒಬ್ಬರನ್ನೊಬ್ಬರು ಹೊಸಬರಂತೆ ನೋಡಿದರು. ಡ್ರೈವರಿನ ಅಂಗಿಗೆ ಹೊಟ್ಟೆಯ ಹತ್ತಿರ ಗುಂಡಿ ಕೂಡುತ್ತಿರಲಿಲ್ಲ. ಇನ್ನೊಬ್ಬ ಗೆರೆಗಳದ್ದು, ಏಣಿಯಣ್ಣ ಗಿಳಿಹಸಿರು ಬಣ್ಣದ್ದು ಹಾಕಿದ್ದ.

"ಏನಣ್ಣ ಇದು, ಮಗಳು ಗುರುತು ಹಿಡೀತಾಳಾ?" ಎಂದಳು ಅವಳು.

"ಅವಳೇ ಆರಿಸಿದ್ದು ತಂಗಿ. ಜನಜಂಗುಳೀಲೂ ಕಳೆದುಹೋಗಲ್ಲ ಅಂತೆ."

ಅವರಲ್ಲಿ ನಾಲ್ವರು ಬಸ್ಸಿನ ನಿಲ್ದಾಣಕ್ಕೆ ನಡೆದರು. ಯಾರೂ ಅವರಿಗೆ ದಾರಿ ಬಿಡಲಿಲ್ಲ. ಒಬ್ಬ ಹೆಂಗಸು ಚೀಲ ಪಕ್ಕಕ್ಕಿಡಲು ಏಣಿಯಣ್ಣನಿಗೆ "ಸ್ವಲ್ಪ ಸರೀರಿ" ಅಂದಳು, ಅವನು ಸರಿದ. ಅವಳೂ ಖಾಕಿಯ ಬದಲು ಹೂಗಳಿದ್ದ ನೀಲಿ ಅಂಗಿ ತೊಟ್ಟು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜನರ ನಡುವೆ ನಿಂತಳು.

ಗಾಳಿ ತಿರುಗಿತು. ಮನೆಗಳ ಸಾಲಿನಾಚೆಯಿಂದ ತೆಳ್ಳಗೆ ಹೊಗೆಯ ವಾಸನೆ ಬಂತು. ಯಾರಾದರೂ ಅಂಗಳದಲ್ಲಿ ಎಲೆ ಸುಡುತ್ತಿರಬಹುದು, ಒಲೆಯೂ ಇರಬಹುದು. ನಿಂತಿದ್ದವರು ಮಾತು ಬಿಡಲಿಲ್ಲ, ಯಾರೂ ಗಮನಿಸಲಿಲ್ಲ. ಗುಂಪಿನಲ್ಲಿ ಅಲ್ಲೊಂದು ಇಲ್ಲೊಂದು ತಲೆ ಮಾತ್ರ ಮೇಲೆದ್ದಿತು. ಗಿಳಿಹಸಿರು ಅಂಗಿ, ಗುಂಡಿ ಕೂಡದ ಅಂಗಿ, ಆ ತುದಿಯಲ್ಲಿ ಗೆರೆಗಳ ಅಂಗಿ, ಹೂಗಳ ನೀಲಿ ಅಂಗಿ. ಎಲ್ಲ ಮುಖಗಳೂ ಒಂದೇ ಕಡೆಗೆ ತಿರುಗಿದ್ದವು.

ಬಸ್ಸು ಬಂತು. ಜನ ನೂಕಿಕೊಂಡು ಹತ್ತಿದರು. ಆ ನಾಲ್ವರು ಇನ್ನೂ ನಿಂತೇ ಇದ್ದರು.