ಗಡಿಗೆವ್ವನ ಕಚ್ಚಾ ತೈಲ

ಮೋಟೆಬೆನ್ನೂರಿನಲ್ಲಿ ನಮ್ಮ ಮನೆಗೆ ಹೊಂದಿಕೊಂಡೇ ಗೆಳತಿ ಗಡಿಗೆವ್ವನ ಎಣ್ಣೆಗಾಣ. ಹೋದ ತಿಂಗಳು ಅದಕ್ಕೆ ಹೊಸ ಬೋರ್ಡು ಬೇಕೆಂದು ಪೇಂಟರ್ ಕೊಟ್ರೇಶನನ್ನು ಕರೆಸಿದಳು. ಸೋಸದ ಕುಸುಬಿ ಎಣ್ಣೆ ಅಂತ ಬರಿ ಎಂದಳು. ಕೊಟ್ರೇಶನಿಗೆ ಆ ಪದವೇ ಹಿಡಿಸಲಿಲ್ಲ.

“ಎಣ್ಣಿ ಅಂತ ಬರದ್ರ ಸಂಜಿ ಮುಂದ ಕುಡಿಯೋ ಮಂದಿ ಬಂದು ಕುಂದರತಾರ, ಅಕ್ಕಾರ. ನಾ ಘನವಾದ ಶಬ್ದ ಹಾಕತೇನಿ, ನೋಡ್ರಿ,” ಎಂದ.

ಘನವಾದ ಶಬ್ದ ಬಂತು: ‘ಇಲ್ಲಿ ಶುದ್ಧ ಕಚ್ಚಾ ತೈಲ ದೊರೆಯುತ್ತದೆ.’

ಮೊದಲು ಬಂದವರು ಲಾರಿ ಡ್ರೈವರುಗಳು. ಹೆದ್ದಾರಿ ಪಕ್ಕದ ಅಂಗಡಿ, ಕೇಳಬೇಕೆ? ಡೀಸೆಲ್ ಎಷ್ಟಕ್ಕೆ ಎಂದರು. ಗಡಿಗೆವ್ವ ಬೈದು ಕಳಿಸಿದಳು. ಆದರೆ ಊರ ಹಿರಿಯ ನಾಗಪ್ಪನನ್ನು ಹಾಗೆ ಬೈದು ಕಳಿಸಲಾಗಲಿಲ್ಲ. ತನ್ನ ಮಗಳು ಶ್ವೇತಾಳ ಮದುವೆಗೆ ಮೂರು ಡಬ್ಬಿ ಎಣ್ಣೆ ಹೇಳಿದ್ದವನು ಅವನೇ. ಟಿವಿಯಲ್ಲಿ ಕಚ್ಚಾ ತೈಲದ ಸುದ್ದಿ ನೋಡಿ, ಬೋರ್ಡು ಓದಿ, ನೇರ ಗಾಣಕ್ಕೇ ಬಂದ.

“ಡಾಂಬರ್ ತಗಿಯೋ ಎಣ್ಣ್ಯಾಗ ನಮ್ಮ ಬೀಗರಿಗೆ ಬಜ್ಜಿ ಕರೀಬೇಕೇನವಾ? ನಾ ರಾಣೇಬೆನ್ನೂರಿಂದ ತರತೇನಿ.”

ನಮ್ಮ ಊರಲ್ಲಿ ನಾಗಪ್ಪ ಬಿಟ್ಟ ಅಂಗಡಿಗೆ ಮತ್ತೊಬ್ಬರು ಕಾಲಿಡುವುದಿಲ್ಲ. ಗಾಣ ಹಾಕಿ ಒಂದೇ ವರ್ಷ. ಗಡಿಗೆವ್ವನ ಮುಖ ಇಷ್ಟಾಯಿತು. ನನಗೆ ಸಂಕಟವಾಯಿತು, ಸ್ವಲ್ಪ ಖುಷಿಯೂ ಆಯಿತು. ಬ್ಯಾಡಗಿ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಹೈಡ್ರೋಕಾರ್ಬನ್ ಪಾಠ ಮಾಡಿದ್ದೇನೆ. ನನ್ನ ಪಾಠ ಯಾರಿಗಾದರೂ ಬೇಕಾದದ್ದು ಇದೇ ಮೊದಲು.

ಮರುದಿನ ಬೆಳಿಗ್ಗೆ ಗಾಣದ ಮುಂದೆ ಎರಡು ಒಲೆ ಹೂಡಿದೆ. ಒಂದು ಪಾತ್ರೆಯಲ್ಲಿ ಗಡಿಗೆವ್ವನ ಕುಸುಬಿ ಎಣ್ಣೆ, ಇನ್ನೊಂದರಲ್ಲಿ ಗ್ಯಾರೇಜಿನಿಂದ ತಂದ ಎಂಜಿನ್ ಆಯಿಲ್. ನಾಗಪ್ಪನೂ ಬಂದ, ಅವನ ಹಿಂದೆ ಅರ್ಧ ಊರೂ ಬಂತು.

“ಭೂಮ್ಯಾಗಿಂದ ಬರೋ ತೈಲದಾಗ ಹೆಚ್ಚುಕಡಿಮಿ ಇಂಗಾಲ, ಜಲಜನಕ ಎರಡ ಇರತಾವ್ರಿ,” ಎಂದು ಶುರು ಮಾಡಿದೆ. “ಕೈ ಕೈ ಹಿಡ್ಕೊಂಡು ಸರಪಳಿ ಆಗಿರತಾವ. ಗಿಡ್ಡ ಸರಪಳಿ ಗ್ಯಾಸು, ಅದಕ್ಕಿಂತ ಉದ್ದಂದು ಪೆಟ್ರೋಲು, ಆಮ್ಯಾಲ ಡೀಸೆಲ್, ಭಾಳ ಉದ್ದಂದು ಡಾಂಬರು. ಕಾಸಿದ್ರ ಗಿಡ್ಡನವು ಮೊದಲ ಹಾರತಾವ. ಕುಸುಬಿ ಎಣ್ಣ್ಯಾಗ ಆಮ್ಲಜನಕನೂ ಇರತೈತಿ. ಅದಿರೋ ಜಾಗಾದಾಗ ಕಾಸ್ಟಿಕ್ ಸೋಡಾ ಹೊಕ್ಕು ಸರಪಳಿ ಬಿಡಿಸತೈತಿ. ಎಣ್ಣಿ ಸಾಬಾಣ ಆಗತೈತಿ. ಎಂಜಿನ್ ಆಯಿಲ್ ಏನ ಮಾಡಿದ್ರೂ ಆಗಂಗಿಲ್ಲ.”

ಕೊಟ್ರೇಶ ಆಕಳಿಸಿದ. ಕ್ಲಾಸಿನಲ್ಲಾಗಿದ್ದರೆ ಹೊರಗೆ ಕಳಿಸುತ್ತಿದ್ದೆ.

ಎರಡಕ್ಕೂ ಕಾಸ್ಟಿಕ್ ಸೋಡಾ ನೀರು ಹಾಕಿ ಹದವಾದ ಉರಿಯಲ್ಲಿ ತಿರುವಿದೆ, ಸಾಬೂನು ಬೇರ್ಪಡಲೆಂದು ಕೊನೆಗೆ ಉಪ್ಪು ಸುರಿದೆ. ಕುಸುಬಿಯ ಪಾತ್ರೆಯಲ್ಲಿ ಬೆಳ್ಳಗಿನ ಗಟ್ಟಿ ಮೇಲೆ ತೇಲಿತು. ಒಂದು ಚೂರನ್ನು ನೀರಿನ ಬಾಟಲಿಗೆ ಹಾಕಿ ಕುಲುಕಿದೆ, ಕಂಠದ ತನಕ ನೊರೆ. ಎಂಜಿನ್ ಆಯಿಲ್ ಮಾತ್ರ ಸೋಡಾ ನೀರಿನ ಮೇಲೆ ಮೊದಲಿದ್ದಂತೆಯೇ ತೇಲುತ್ತಿತ್ತು. ನಾನು ಸೊಂಟದ ಮೇಲೆ ಕೈ ಇಟ್ಟು ನಿಂತೆ. ಚಪ್ಪಾಳೆ ಬರಲಿಲ್ಲ.

ನಾಗಪ್ಪ ಬಾಟಲಿಯನ್ನೇ ನೋಡುತ್ತಿದ್ದ. “ಅಂದ್ರ ಮೇಡಂ, ಇಷ್ಟು ದಿನಾ ನಾವು ತಿಂದದ್ದು ಸಾಬಾಣ?”

ಜನ ಹೋ ಎಂದರು. ಒಬ್ಬಳು ಬಾಯಿ ಒರೆಸಿಕೊಂಡಳು. ನಾನು ಆಮ್ಲ, ಪ್ರತ್ಯಾಮ್ಲ ಎಂದು ಏನೇನೋ ತೊದಲಿದೆ. ಎಣ್ಣೆಯನ್ನು ಡಾಂಬರಿನಿಂದ ಎತ್ತಿ ಸಾಬೂನಿಗೆ ಕೆಡವಿದ್ದೆ. ಗೆಳತಿಯ ಅಂಗಡಿಯನ್ನು ನಾನೇ ಮುಚ್ಚಿಸಿದೆನಲ್ಲ ಎಂದು ಅಳುವೇ ಬಂತು.

ಗಡಿಗೆವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ನಾಗಪ್ಪಣ್ಣಾರ, ದಿನಾ ತಲಿಗೆ ಏನ ಹಚ್ಚತೀರಿ?”

“ಕೊಬ್ಬರಿ ಎಣ್ಣಿ. ಯಾಕ?”

“ಸೋಡಾ ಹಾಕಿ ಕಾಸಿದ್ರ ಕೊಬ್ಬರಿ ಎಣ್ಣೀನೂ ಸಾಬಾಣ ಆಗತೈತ್ರಿ, ಮೇಡಮ್ಮಾರನ್ನ ಕೇಳ್ರಿ. ಮತ್ತ ಮಳ್ಯಾಗ ತೊಯ್ಸಿಕೊಂಡಾಗ ನಿಮ್ಮ ತಲಿ ಯಾವತ್ತರ ನೊರಿ ಬಂದೈತೇನು?”

ನಾಗಪ್ಪನ ಕೈ ತಾನಾಗಿಯೇ ತಲೆಗೆ ಹೋಯಿತು. ಸವರಿ, ಬೆರಳುಗಳನ್ನು ಕಣ್ಣ ಹತ್ತಿರ ತಂದು ನೋಡಿದ. ಬರೀ ಎಣ್ಣೆ. ಅವನು ನೋಡಿದ್ದನ್ನು ಊರೆಲ್ಲ ನೋಡಿತು.

“ಮೂರು ಡಬ್ಬಿ ಅಂದಿದ್ನಲ್ಲ,” ಎಂದ, ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ. “ನಾಕು ಮಾಡವಾ.”