ಸದ್ದಿಲ್ಲದ ಚಕ್ರ

"ಲಿಪ್‌ಗೆ ಮಾತು ಕೂರ್ತಿಲ್ಲ ಬ್ರದರ್. ಇನ್ನೊಂದ್ ಸಲ," ಎಂದಿತು ಹೆಡ್‌ಫೋನಿನಲ್ಲಿ ನಿರ್ದೇಶಕನ ದನಿ.

ಬ್ರದರ್ ಅಂತೆ! ಅಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಗಾಜಿನಾಚೆಯ ತಣ್ಣನೆಯ ಕೋಣೆಯಲ್ಲಿ ಕಾಲು ಚಾಚಿ ಕೂತವನಿಗೆ ತಾನು ಯಾವ ಸೀಮೆಯ ಬ್ರದರ್? ಇದ್ದೊಬ್ಬ ತಮ್ಮ ಎದುರಿನ ಪರದೆಯ ಮೇಲೆ ಸುಮ್ಮನೆ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಆ ಬಾಯಿಗೆ ಮಾತು ತುಂಬುವ ಕೆಲಸ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದ ಇವನ ಪಾಲಿಗೆ ಬಂದಿತ್ತು.

ಅಣ್ಣತಮ್ಮಂದಿರ ದನಿ ಒಂದೇ ಅಚ್ಚು. ಫೋನಿನಲ್ಲಿ ಹೆತ್ತ ತಾಯಿಯೇ ಏಮಾರಿ, ಒಬ್ಬನಿಗೆ ಬೈಯಬೇಕಾದ್ದನ್ನು ಇನ್ನೊಬ್ಬನಿಗೆ ಬೈದು ಮುಗಿಸುತ್ತಿದ್ದಳು. ಅದು ಹೇಗೋ ನಿರ್ದೇಶಕನ ಕಿವಿಗೆ ಬಿದ್ದಿತ್ತು. ತಮ್ಮ ಸತ್ತಾಗ ಮನೆಗೆ ಬಂದವನು, ಅವನ ಮಾತು ನೀವೇ ಆಡಿಕೊಡಿ ಎಂದು ಹೊರಡುವಾಗ ನಾಚಿಕೆ ಬಿಟ್ಟು ಕೇಳಿಯೇಬಿಟ್ಟ. ಅಣ್ಣ ಅವನ ಕತ್ತಿನ ಪಟ್ಟಿಗೆ ಕೈ ಹಾಕಿದ್ದ. ಬಿಡಿಸಿದವಳು ಅಮ್ಮ.

"ನೀನ್ ಆಗಲ್ಲ ಅಂದ್ರೆ ಯಾರನ್ನೋ ಕರ್ಕೊಂಬಂದು ಮಾತಾಡಿಸ್ತಾರೆ ಕಣೋ. ನನ್ನ ಮಗನ ಬಾಯಲ್ಲಿ ಯಾರ್ದೋ ಗಂಟಲು ಕೇಳೋ ಹಾಗ್ ಮಾಡ್ಬೇಡ."

ಆ ಒಂದು ಮಾತಿಗೆ ಬಂದಿದ್ದ. ಉಳಿದಂತೆ ಇವರ ಸಿನಿಮಾ ಮಣ್ಣುಪಾಲಾದರೆ ಅವನಿಗೆ ಸಂತೋಷವೇ.

ತಮ್ಮನನ್ನು ಎಲ್ಲರೂ ಗಾಲಿ ಎಂದು ಕರೆಯುತ್ತಿದ್ದರು. ಮೀಸೆ ಮೂಡುವ ಮೊದಲೇ ಸ್ಕೇಟ್‌ಬೋರ್ಡ್ ಹತ್ತಿದವನು. ಕಚೇರಿಗಳ ಅಗಲ ಮೆಟ್ಟಿಲು ಕಂಡರೆ ಸಾಕು, ಬೋರ್ಡ್ ಸಮೇತ ಹಾರುವುದು, ಬದಿಯ ಕಲ್ಲುಕಟ್ಟೆಯ ಮೇಲೆ ಜಾರುವುದು, ಕಾವಲುಗಾರ ಕೋಲೆತ್ತಿದರೆ ಹಲ್ಲು ಕಿರಿದು ಓಡುವುದು. ಗಲ್ಲಕ್ಕೆ ಹೊಲಿಗೆ ಬಿದ್ದ ದಿನವೂ ಕನ್ನಡಿ ಮುಂದೆ ನಿಂತು, "ಚೆನ್ನಾಗೇ ಕಾಣುತ್ತೆ ಬಿಡೋ" ಎಂದಿದ್ದ. ಯಾರೋ ಫೋನಿನಲ್ಲಿ ಹಿಡಿದ ವಿಡಿಯೋ ಎಲ್ಲೆಲ್ಲೋ ಓಡಾಡಿ, ಶೂ ಜಾಹೀರಾತೊಂದು ಬಂತು. ಆಮೇಲೆ ಒಂದು ಸಿನಿಮಾದಲ್ಲಿ ನಾಯಕನ ಗೆಳೆಯ. ಬಂದು ಹೋದದ್ದು ಎರಡೇ ದೃಶ್ಯದಲ್ಲಿ, ಶಿಳ್ಳೆಯೆಲ್ಲ ಅವನಿಗೇ. ಈ ಸಿನಿಮಾಕ್ಕೆ ಅವನೇ ನಾಯಕ. ಇದರ ಶೂಟಿಂಗ್ ಮುಗಿಯುವ ಹೊತ್ತಿಗೆ ಅಂಥದೇ ಮೆಟ್ಟಿಲ ಮೇಲಿಂದ ಬಿದ್ದು ಸತ್ತ. ಇಪ್ಪತ್ತೆರಡು ತುಂಬಿರಲಿಲ್ಲ. ಟೀವಿಯವರು ಒಂದು ಸಂಜೆ ಗೋಳಾಡಿ ಹವಾಮಾನಕ್ಕೆ ಹೋದರು.

ಯಾಕೆ ಬಿದ್ದ ಎಂಬುದು ಅಣ್ಣನಿಗೆ ಗೊತ್ತಿತ್ತು. ಗಾಲಿಯ ಗೆಳೆಯರು ಹೇಳಿದ್ದರು. ಗಟ್ಟಿ ಚಕ್ರದ ಗಡಗಡದಲ್ಲಿ ಮಾತು ರೆಕಾರ್ಡ್ ಆಗುವುದಿಲ್ಲವೆಂದು ಸಿನಿಮಾದವರು ಬೋರ್ಡಿಗೆ ಮೆತ್ತನೆಯ ಚಕ್ರ ಹಾಕಿಸಿದ್ದರು. ಮೆತ್ತನೆಯದು ಸದ್ದು ಮಾಡುವುದಿಲ್ಲ, ನಿಜ. ಆದರೆ ಜಾರಬೇಕಾದ ಕಡೆ ಕಲ್ಲನ್ನು ಕಚ್ಚಿಕೊಳ್ಳುತ್ತದೆ. ಗಾಲಿ ಬೇಡ ಎಂದನಂತೆ. ಒಂದೇ ಒಂದು ಟೇಕ್ ಎಂದನಂತೆ ನಿರ್ದೇಶಕ. ಹೊಸ ಹುಡುಗ, ಎದುರಾಡಲಿಲ್ಲ.

ದೃಶ್ಯ ಮತ್ತೆ ಶುರುವಾಯಿತು. ಈ ಸಲ ಹೆಡ್‌ಫೋನಿನಲ್ಲಿ ಗಡಗಡ ಸದ್ದೂ ಬಂತು.

"ಏನಿದು?" ಅಣ್ಣ ಕೇಳಿದ.

"ಚಕ್ರದ್ದು ಅಣ್ಣ," ಎಂದ ನಿರ್ದೇಶಕನ ಪಕ್ಕ ಕೂತಿದ್ದ ಸೌಂಡ್ ಎಂಜಿನಿಯರ್. "ಶೂಟಿಂಗಲ್ಲಿ ಸದ್ದೇ ಬಂದಿರ್ಲಿಲ್ಲ. ಪಕ್ಕದ ರೂಮಲ್ಲಿ ಬೋರ್ಡ್ ಓಡ್ಸಿ ಸೇರಿಸಿದ್ವಿ."

"ಯಾವ ಚಕ್ರ ಹಾಕಿ?"

"ಗಟ್ಟಿದು. ಅದಿಲ್ದೆ ಮಜಾ..." ಎಂದವನು ನಾಲಿಗೆ ಕಚ್ಚಿಕೊಂಡ.

ಅಣ್ಣ ಗಾಜಿನ ಹತ್ತಿರಕ್ಕೆ ಹೋದ. "ಮಾತು ನನ್ ಕೈಲಿ ಆಡಿಸ್ತಿದೀಯ. ಸದ್ದು ಪಕ್ಕದ ರೂಮಲ್ಲಿ ಮಾಡ್ಕೊಂಡಿದೀಯ. ಮತ್ತೆ ಅವತ್ತು ಚಕ್ರ ಯಾಕಯ್ಯ ಬದಲಾಯಿಸ್ದೆ?"

ನಿರ್ದೇಶಕ ಚಾಚಿದ ಕಾಲು ಎಳೆದುಕೊಂಡ. "ಅವತ್ತು ಲೈವ್ ಸೌಂಡೇ ಇಟ್ಕೊಳ್ಳೋ ಪ್ಲಾನ್ ಇತ್ತು ಬ್ರದರ್. ಆಮೇಲೆ ಕೇಳಿದ್ರೆ ರಸ್ತೆ ಹಾರ್ನು ಜಾಸ್ತಿ..."

"ಹಾರ್ನಾ?"

"ನಮ್ಗೂ ನೋವಿದೆ."

"ನಿನ್ ನೋವಿಗೆ ಬೆಂಕಿ ಬೀಳ!"

ಮೈಕಿನ ಕಂಬ ಎತ್ತಿ ಗಾಜಿಗೆ ಬೀಸಬೇಕೆನ್ನಿಸಿತು. ಎತ್ತಿಯೂ ಎತ್ತಿದ್ದ. ಅಮ್ಮನ ಮುಖ ನೆನಪಾಯಿತು. ಕಂಬವನ್ನು ಮೊದಲಿದ್ದ ಜಾಗಕ್ಕೆ ಇಟ್ಟು, "ಹಾಕು," ಎಂದ ಎಂಜಿನಿಯರ್‌ಗೆ.

"ಹಿಡೀರೋ ನೋಡೋಣ!" ಎಂದು ಪರದೆಯ ಮೇಲೆ ಗಾಲಿ ಕೂಗಿದ. ಅಣ್ಣನೂ ಕೂಗಿದ. ಸಿಟ್ಟಿಗೋ ಏನೋ, ಈ ಸಲ ತುಟಿಗೆ ಮಾತು ಕೂತಿತು. "ಸೂಪರ್!" ಎಂದ ನಿರ್ದೇಶಕ. ಆ ಬಾಯಿಂದ ಹೊಗಳಿಸಿಕೊಂಡಿದ್ದಕ್ಕೆ ಅಣ್ಣನಿಗೆ ತನ್ನ ಮೇಲೇ ಅಸಹ್ಯವಾಯಿತು.

"ಇನ್ನು ಉಸಿರೊಂದೇ ಅಣ್ಣ," ಎಂಜಿನಿಯರ್ ಮೆಲ್ಲಗೆ ಹೇಳಿದ. "ಹಾರೋಕ್ ಮುಂಚೆ ಜೋರಾಗಿ ಎಳ್ಕೊಳ್ತಾರೆ ನೋಡಿ, ಅದು. ಹಾರಿದ ತಕ್ಷಣ ಕಟ್ ಆಗುತ್ತೆ. ನೀವ್ ಕೊಡೋವರ್ಗೂ ಮತ್ತೆ ಮತ್ತೆ ಬರ್ತಿರುತ್ತೆ. ಕೊಟ್ರೆ ಮುಗೀತು."

"ಇದು ಅವ್ನು ಬಿದ್ದ ದಿನದ್ದಾ?"

ಎಂಜಿನಿಯರ್ ಹೌದೆಂದು ತಲೆಯಾಡಿಸಿದ.

ಗಾಲಿ ಬೋರ್ಡನ್ನು ತಳ್ಳಿಕೊಂಡು ಬಂದ. ಮೆಟ್ಟಿಲು ಹತ್ತಿರವಾಯಿತು. ಅವನ ಬಾಯಿ ತೆರೆಯಿತು, ಎದೆ ಉಬ್ಬಿತು. ಅಣ್ಣ ತುಟಿ ಬಿಚ್ಚಲಿಲ್ಲ. ಪರದೆ ಒಂದು ಕ್ಷಣ ಕಪ್ಪಾಗಿ, ಗಾಲಿ ಮತ್ತೆ ಹಿಂದೆ, ಮೊದಲಿನ ಜಾಗದಲ್ಲೇ ಇದ್ದ.

"ಬ್ರದರ್, ಉಸಿರು," ಎಂದ ನಿರ್ದೇಶಕ.

ಗಾಲಿ ಮತ್ತೆ ಬಂದ, ಮತ್ತೆ ಹಿಂದಕ್ಕೆ ಹೋದ.

"ಉಸಿರು ಕೊಡಿ ಬ್ರದರ್. ಒಂದೇ ಒಂದು."

ಅಣ್ಣ ಹಲ್ಲು ಕಚ್ಚಿ, ಮೂಗನ್ನೂ ಬಿಗಿಹಿಡಿದು ನಿಂತ. ಪರದೆಯ ಮೇಲೆ ಗಾಲಿ ಹಣೆಯ ಕೂದಲು ಹಿಂದಕ್ಕೆ ತಳ್ಳಿ, ಯಾರನ್ನೋ ನೋಡಿ ನಕ್ಕು, ಬೋರ್ಡಿನ ಮೇಲೆ ಕಾಲಿಟ್ಟ.