ಚಕ್ರ ನೆಲಕ್ಕೂರಿದ ಮೇಲೆ

ಗಂಡನ ರಿಪೇರಿ ಷೆಡ್ಡಿನ ಬಾಗಿಲಲ್ಲಿದ್ದ ಉಬ್ಬನ್ನು ಮುಂದಿನ ಚಕ್ರ ಹತ್ತಿದ್ದೇ ತಡ, ಎಡಗಡೆಯಿಂದ ಮತ್ತೆ ಅದೇ ಸದ್ದು ಬಂತು: ಟಕ್. ಅವಳು ವ್ಯಾನು ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಹಚ್ಚಿ ಕೂತುಬಿಟ್ಟಳು. ಹಿಂದೆ ಟ್ರೇಗಳ ಸಂದಿಯಿಂದ ಒಡೆದ ಮೊಟ್ಟೆಯ ಲೋಳೆ ಇನ್ನೂ ತೊಟ್ಟಿಕ್ಕುತ್ತಿತ್ತು.

"ಬಂತಾ ಸವಾರಿ?" ಎಂದ ಗಂಡ, ಕಂಬಕ್ಕೆ ಒರಗಿಕೊಂಡೇ.

"ಬಂತು. ನೀವು ಹಾಕಿದ ಹೊಸ ಬುಷ್ಷಿನ ಹೆಣಾನೂ ಹೊತ್ಕೊಂಡು ಬಂದಿದೀನಿ, ಬಂದು ನೋಡಿ."

ಕೋಳಿ ಸಾಕುವ ಊರುಗಳಿಂದ ಪೇಟೆಯ ಬೇಕರಿಗೆ ಮೊಟ್ಟೆ ಸಾಗಿಸುವುದು ಅವಳ ಕೆಲಸ. ದಾರಿಯುದ್ದಕ್ಕೂ ಎಲ್ಲರಿಗೂ ಅವಳು ಮೊಟ್ಟೆಯಕ್ಕ. ಆ ಬೆಳಿಗ್ಗೆ ಬೇಕರಿಯವನು ಟ್ರೇ ಎತ್ತಿ ನೋಡಿ, "ಒಡೆಯೋ ಕೆಲಸ ನಂದು ಅಕ್ಕಾ, ಅದನ್ಯಾಕೆ ನೀವೇ ಮಾಡ್ಕೊಂಡು ಬರ್ತೀರಿ?" ಎಂದು ನಕ್ಕಿದ್ದ. ಆಮೇಲೆ ನಗು ನುಂಗಿಕೊಂಡು, "ಮುಂದಿನ ಲೋಡೂ ಹೀಗೇ ಬಂದ್ರೆ ಬೇರೆ ಗಾಡಿ ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡಿ" ಎಂದಿದ್ದ. ಮುಂದಿನ ಲೋಡು ಮಾರನೆಯ ದಿನ ಬೆಳಗಾದರೆ ಹೊರಡಬೇಕು. ಆ ಬೇಕರಿ ಕೈಬಿಟ್ಟರೆ ವ್ಯಾನಿಗೆ ಬೇರೆ ಕೆಲಸವಿರಲಿಲ್ಲ.

"ಗುಂಡಿ ನೋಡಿ ಓಡ್ಸು ಅಂತ ಬಡ್ಕೊಂಡೆ," ಎಂದ ಗಂಡ.

"ಗುಂಡಿ ಬಿಟ್ಟು ಓಡ್ಸೋಕೆ ರಸ್ತೆ ಎಲ್ಲಿದೆ? ಗಾಡಿಗೆ ರೆಕ್ಕೆ ಕಟ್ಟಿಕೊಡಿ, ಹಾರ್ಕೊಂಡು ಹೋಗ್ತೀನಿ."

"ಎಣ್ಣೆ ಬಿಟ್ಟಿರ್ತೀಯ. ರಬ್ಬರಿಗೆ ಎಣ್ಣೆ ತಾಗಿದ್ರೆ ಉಬ್ಬಿ ಹಾಳಾಗತ್ತೆ ಅಂತ ಎಷ್ಟು ಸಲ ಹೇಳ್ಬೇಕು?"

"ಒಂದೇ ಒಂದ್ಸಲ, ಕಿರುಗುಟ್ತಿತ್ತು ಅಂತ ಬಿಟ್ಟೆ. ಅದು ಹೋದ ವರ್ಷದ ಮಾತು. ಸಾಯೋವರೆಗೂ ಅದನ್ನೇ ಹೇಳ್ತಾ ಇರಿ, ಮಹಾರಾಯರೇ."

ಅವನು ಜಾಕಿ ಕೊಟ್ಟು ವ್ಯಾನು ಎತ್ತಿದ. ದಪ್ಪ ಮರದ ದಿಮ್ಮಿ ಆನಿಸಿ, ಚಕ್ರ ಬಿಚ್ಚಿ, ಸ್ಟೂಲು ಎಳೆದುಕೊಂಡು ಕೂತ. ಕೆಟ್ಟ ಬುಷ್ ಹೊರಬಂದಾಗ ಅದರ ರಬ್ಬರು ಹಿಂಡಿದ ಬಟ್ಟೆಯ ಹಾಗೆ ಒಂದೇ ಕಡೆಗೆ ತಿರುಚಿ ಹರಿದಿತ್ತು. ಮುಷ್ಟಿಯೊಳಗೆ ಅಡಗುವಷ್ಟು ಸಣ್ಣ ವಸ್ತು. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಕೂತು, ಚಕ್ರಕ್ಕೆ ಬಿದ್ದ ಪೆಟ್ಟನ್ನೆಲ್ಲ ತಾನೇ ನುಂಗಿಕೊಂಡು, ಮೇಲಿದ್ದವರಿಗೆ ತಿಳಿಯಗೊಡದ ವಸ್ತು. ಮಳೆಗಾಲ ಕಳೆದ ಮೇಲೆ ಹೀಗೆ ಹರಿದದ್ದು ಇದು ಮೂರನೆಯದು.

ಹೊಸದನ್ನು ಕೂರಿಸಿ, ಬೋಲ್ಟು ತೂರಿಸಿ, ಅವನು ಸ್ಪ್ಯಾನರಿಗೆ ಪೈಪು ಸಿಕ್ಕಿಸಿಕೊಂಡ. ಟ್ರೇ ತೊಳೆಯುತ್ತಿದ್ದವಳು ತಲೆಯೆತ್ತಿ ನೋಡಿದಳು.

"ರೀ, ಗಾಡಿ ಇಳಿಸದೇ ಬಿಗೀತಿದೀರಲ್ಲ?"

"ಹೂಂ. ಏನೀಗ?"

"ಏನೀಗ ಅಂದ್ರೆ? ಗಾಡಿ ತನ್ನ ಭಾರ ತಾನು ಹೊತ್ಕೊಂಡು ನಿಂತ ಮೇಲೇ ಬಿಗೀಬೇಕು, ಚಕ್ರ ಜೋತಾಡ್ತಿರೋವಾಗ ಬಿಗಿದ್ರೆ ಇಳಿಸಿದ ತಕ್ಷಣ ರಬ್ಬರು ತಿರುಚ್ಕೊಳ್ಳತ್ತೆ ಅಂತ ಊರಿಗೆಲ್ಲ ಪಾಠ ಹೇಳೋರು ಯಾರು, ನಮ್ಮಪ್ಪನಾ?"

"ಎಲ್ಲಾ ಒಂದೇ ಬಿಡು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿಯ ಗಾಡಿ ತಾನೇ, ಹೇಗಿದ್ದರೂ ನಡೆಯುತ್ತದೆ! ತೊಳೆಯುತ್ತಿದ್ದ ಟ್ರೇಯನ್ನು ಅವಳು ದಡ್ಡನೆ ಕುಕ್ಕಿದಳು. ಆ ಸದ್ದಿಗೋ ಏನೋ, ಅವನ ಕೈಯಿಂದ ಸ್ಪ್ಯಾನರು ಜಾರಿ, ಪೈಪಿನ ಸಮೇತ ವ್ಯಾನಿನ ಅಡಿಗೆ ಉರುಳಿತು.

ಅವನು ಬಗ್ಗಲಿಲ್ಲ. ವ್ಯಾನಿನ ಬಾಗಿಲು ಹಿಡಿದುಕೊಂಡು ಮೆಲ್ಲಗೆ ಎದ್ದ. ಮೂಲೆಯಲ್ಲಿದ್ದ ಉದ್ದ ಕೋಲಿನ ಪೊರಕೆ ತಂದು, ನಿಂತೇ, ತಳದಲ್ಲಿ ಆಡಿಸತೊಡಗಿದ.

"ಬಗ್ಗಿ ತಗೊಳ್ಳೋಕೆ ಏನ್ರೀ ದಾಡಿ ನಿಮಗೆ?" ಎಂದಳು. ಎಂದವಳು ಹಾಗೇ ನಿಂತಳು.

ಕೋಲಿನ ತುದಿ ಹುಡುಕಾಡದೆ ನೇರ ಹೋಗಿ ಸ್ಪ್ಯಾನರಿಗೆ ತಾಗಿತ್ತು. ರೂಢಿಯಿದ್ದ ಕೈ. ಹೋದ ವಾರ ಬುಷ್ ಹಾಕಿಸಲು ಬಂದ ಜೀಪಿನವನಿಗೆ ಇವನು "ಸಾಮಾನು ಸಿಗ್ತಿಲ್ಲ" ಎಂದು ಹೇಳಿ ಕಳಿಸಿದ್ದ. ಸಾಮಾನು ಅಲ್ಲೇ ಹಲಗೆಯ ಮೇಲಿತ್ತು. ಸೋಮಾರಿ ಎಂದು ಬೈದಿದ್ದಳು.

"ಯಾವಾಗಿಂದ?"

"ಏನು ಯಾವಾಗಿಂದ?"

"ಸೊಂಟ."

ಅವನು ಸ್ಪ್ಯಾನರನ್ನು ಕಾಲಬಳಿಗೆ ಎಳೆದುಕೊಂಡ. ಎತ್ತಲಿಲ್ಲ. "ಆ ಲಾರಿದು ಗೇರ್‌ಬಾಕ್ಸ್ ಇಳಿಸಿದ್ನಲ್ಲ, ಆವತ್ತಿಂದ. ಗಾಡಿ ಇಳಿಸಿ ಬಿಗಿಯೋಕೆ ಅಡಿಗೆ ಮಲಗ್ಬೇಕು. ಮಲಗಿದ್ರೆ ಏಳೋಕಾಗಲ್ಲ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು? ಅಲ್ಲಾ, ಮೂರು ಬುಷ್ ಹರಿದ್ವು! ನನ್ನ ಡ್ರೈವಿಂಗು, ನನ್ನ ಎಣ್ಣೆ, ನನ್ನ ಗುಂಡಿ!"

"ಹೇಳಿದ್ರೆ ಷೆಡ್ ಮುಚ್ಚಿ ಅಂತೀಯ."

"ಅಂತೀನಿ! ನೂರು ಸಲ ಅಂತೀನಿ!" ಅವಳು ಸೆರಗು ಸಿಕ್ಕಿಸಿಕೊಂಡಳು. "ಮೊದಲು ಚಕ್ರ ಹಾಕಿ, ಗಾಡಿ ಇಳಿಸಿ. ಮಾತು ಆಮೇಲೆ."

ಅವನು ಚಕ್ರ ಹಾಕಿ, ದಿಮ್ಮಿಯನ್ನು ಕಾಲಲ್ಲಿ ದೂಡಿ, ಜಾಕಿ ಸಡಿಲಿಸಿದ. ವ್ಯಾನು ನಿಟ್ಟುಸಿರಿಟ್ಟ ಹಾಗೆ ಕೆಳಗಿಳಿದು ನಾಲ್ಕು ಚಕ್ರಗಳ ಮೇಲೆ ಕೂತಿತು. ಅವನು ಮುಂಭಾಗವನ್ನು ಎರಡೂ ಕೈಯಲ್ಲಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಭಾರ ತನ್ನ ಜಾಗಕ್ಕೆ ಬರುವಂತೆ ಮಾಡಿದ. ಅವಳು ಗೋಣಿಚೀಲ ಹಾಸಿ, ಸ್ಪ್ಯಾನರು ಎತ್ತಿಕೊಂಡು ಅಡಿಗೆ ನುಸುಳಿದಳು. ಮಣ್ಣು ಕಣ್ಣಿಗೇ ಉದುರಿತು.

"ಎಡಕ್ಕೆ ನೋಡು. ಅದಲ್ಲ, ಅದರ ಮೇಲಿಂದು."

"ಕಾಣ್ತಿದೆ, ಸುಮ್ನಿರಿ."

"ಪೈಪು ತುದಿಲಿ ಹಿಡ್ಕೋ. ಮೈಭಾರ ಬಿಡು. ಇನ್ನೂ."

"ಇನ್ನೂ ಅಂದ್ರೆ ನಾನೇ ಹರೀತೀನಿ."

ಬೋಲ್ಟು ಒಮ್ಮೆ ಕಿರ್ರೆಂದು, ಆಮೇಲೆ ಅಲುಗಾಡದೆ ನಿಂತಿತು. ಅವಳು ಕೈ ಚೆಲ್ಲಿ ಹಾಗೇ ಮಲಗಿದ್ದಳು. ಅಲ್ಲಿಂದ ಅವನ ಪಾದಗಳಷ್ಟೇ ಕಾಣುತ್ತಿದ್ದವು. ಒಂದು ಪೂರ್ತಿ ಊರಿತ್ತು, ಇನ್ನೊಂದು ಬೆರಳುಗಳ ಮೇಲಷ್ಟೇ. ಎಡಗಾಲಿನ ಚಪ್ಪಲಿಯ ಒಂದು ಅಂಚು ಕಾಗದದಷ್ಟು ತೆಳ್ಳಗೆ ಸವೆದುಹೋಗಿತ್ತು.

"ಆಯ್ತಾ?" ಎಂದ ಮೇಲಿನಿಂದ.

"ಆಯ್ತು. ಎಳ್ಕೊಳ್ಳಿ ನನ್ನ," ಎಂದು ಗ್ರೀಸು ಮೆತ್ತಿದ ಕೈಯನ್ನು ಹೊರಗೆ ಚಾಚಿದಳು.

ಪಾದಗಳು ಹತ್ತಿರ ಬಂದವು, ತಡೆದವು. ಸ್ವಲ್ಪ ಹೊತ್ತಿಗೆ ಅವಳ ಕೈಗೆ ಪೊರಕೆಯ ಕೋಲಿನ ತುದಿ ಬಂದು ತಾಗಿತು.

ಅವಳು ಅದನ್ನು ಹಿಡಿದುಕೊಂಡಳು. ಆದರೆ ಜಗ್ಗಲಿಲ್ಲ. ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಬೆನ್ನ ಮೇಲೆ ತನ್ನಷ್ಟಕ್ಕೆ ತಾನೇ ಇಷ್ಟಿಷ್ಟೇ ಹೊರಗೆ ಜರುಗಿದಳು. ಅವನು ಕೋಲಿನ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದ.